ಬ್ರಾಹ್ಮಿ ಯಾವುದು? ಹೂವನ್ನೇ ಕೇಳಿ

ನರ್ಸರಿಯೊಂದರಲ್ಲಿ ಬ್ರಾಹ್ಮಿ ಕೊಡಿ ಅಂದೆ. ದುಂಡಗಿನ ಎಲೆಯ ಗಿಡ ಕೊಟ್ಟರು. ತೊಟ್ಟು ಎಲೆಯ ನಟ್ಟನಡುವೆ ಅಂಟಿತ್ತು, ಥೇಟ್ ಪುಟ್ಟ ತಾವರೆ ಎಲೆ. ಅದು ಅಂದಕ್ಕೆ ಬೆಳೆಸುವ ಹೈಡ್ರೋಕೋಟೈಲ್ ಅಂತ ಆಮೇಲೆ ಗೊತ್ತಾಯಿತು.

ತಪ್ಪು ಅವರದೊಂದೇ ಅಲ್ಲ ಬಿಡಿ. ನಾವು ತಂಬುಳಿಗೆ ಹಾಕುವ ಒಂದೆಲಗ, ಅಂದರೆ ತುಳುವರ ತಿಮರೆ, ಅದಕ್ಕೂ ಬ್ರಾಹ್ಮಿ ಅನ್ನುತ್ತಾರೆ. ನೀರುಬ್ರಾಹ್ಮಿಗೂ ಬ್ರಾಹ್ಮಿ ಅನ್ನುತ್ತಾರೆ. ಎರಡೂ ನಮ್ಮ ನೆಲದವೇ, ವರ್ಷಗಟ್ಟಲೆ ಬದುಕುವವು, ಗದ್ದೆ ಬದುವಿನಲ್ಲಿ, ಕೆರೆಯಂಚಿನ ಹಸಿ ಹುಲ್ಲಿನ ನಡುವೆ ಹಬ್ಬಿಕೊಳ್ಳುವವು. ಆದರೆ ನೆಂಟಸ್ತಿಕೆ ಇಲ್ಲ. ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ನೀರುಬ್ರಾಹ್ಮಿ, ವಿಜ್ಞಾನದಲ್ಲಿ ಬಕೋಪಾ ಮೊನ್ನಿಯೇರಿ, ಇಸಬ್‌ಗೋಲ್ ಕುಟುಂಬದ್ದು.

ನೀರುಬ್ರಾಹ್ಮಿಯ ಎಲೆ ಮುಟ್ಟಿ ನೋಡಿ. ರಸ ತುಂಬಿದ ಹಾಗೆ ದಪ್ಪಗಿರುತ್ತದೆ. ಉದ್ದ ಹೆಚ್ಚೆಂದರೆ 2 ಸೆಂ.ಮೀ. ತುದಿ ಅಗಲ, ಬುಡ ಕಿರಿದು, ಗೊಂಬೆಯಾಟದ ಚಮಚದಂತೆ. ತೊಟ್ಟು ಇಲ್ಲ. ಗಿಣ್ಣಿಗೆ ಎರಡರಂತೆ ಎದುರುಬದುರು. ಒಂದೆಲಗಕ್ಕೆ ಉದ್ದನೆಯ ತೊಟ್ಟು, ದುಂಡಗಿನ ಎಲೆಗೆ ಒಂದು ಕಡೆ ಸೀಳು, ತೊಟ್ಟು ಅಂಟಿರುವುದು ಆ ಸೀಳಿಗೇ. ಇವೆರಡು ಹೀಗೆ ಸುಲಭವಾಗಿ ಬೇರಾಗುತ್ತವೆ. ಎಡವಟ್ಟಾಗುವುದು ನೆಲಹಿಪ್ಪಲಿಯ ಹತ್ತಿರ. ಅದೂ ಅಲ್ಲೇ ಹಬ್ಬುತ್ತದೆ, ಎಲೆಯೂ ಹೆಚ್ಚುಕಮ್ಮಿ ಅದೇ ಆಕಾರ, ಆದರೆ ತುದಿಯಲ್ಲಿ ಗರಗಸದ ಹಲ್ಲು. ನೀರುಬ್ರಾಹ್ಮಿಯ ಅಂಚು ನುಣುಪು.

ಇನ್ನೂ ಅನುಮಾನವಾ? ಹೂವಿಗೆ ಕಾಯಿರಿ. ನೆಲಹಿಪ್ಪಲಿಯ ಹೂಗಳು ಗುಂಡಿಯಂತೆ ಗೊಂಚಲಾಗಿರುತ್ತವೆ. ಒಂದೆಲಗದ್ದು ಎಲೆಯಡಿ ಅಡಗಿರುವ ಕೆಂಪುಮಿಶ್ರಿತ ಚೂರು, ಬಗ್ಗಿ ಹುಡುಕಬೇಕು. ನೀರುಬ್ರಾಹ್ಮಿಯದು ಮಾತ್ರ ಎಲೆಯ ಕಂಕುಳಿನಿಂದ ಒಂಟಿಯಾಗಿ ಎದ್ದು ನಿಲ್ಲುತ್ತದೆ: ಸುಮಾರು 1 ಸೆಂ.ಮೀ. ಅಗಲ, ಬಿಳಿ ಇಲ್ಲವೇ ತಿಳಿ ನೇರಳೆ, ಐದು ಎಸಳು. ಅದನ್ನು ಮೆಲ್ಲಗೆ ಮಗುಚಿ ಹಿಂಬದಿ ನೋಡಿ. ಐದು ಹಸಿರು ಪುಷ್ಪಪತ್ರಗಳು ಒಂದೇ ಅಳತೆಯವಲ್ಲ, ಹೊರಗಿನದು ಅಗಲ, ಒಳಗಿನವು ಸಣಕಲು. ಅವುಗಳ ಕೆಳಗೆ ದಾರದೆಳೆಯಂಥ ಎರಡು ಪುಟಾಣಿ ಎಲೆಗಳು. ಲೆನ್ಸ್ ಇದ್ದರೆ ಇನ್ನೂ ಚೆಂದ. ನನಗಂತೂ ಇಷ್ಟು ಕಂಡರೆ ಸಾಕು, ಬೇರೆ ಸಾಕ್ಷಿ ಬೇಡ.

ಅಗಿದರೆ ಕಹಿ. ಹಾಗಂತ ಚರಂಡಿಯಂಚಿನದ್ದನ್ನು ಕಿತ್ತು ಬಾಯಿಗೆ ಹಾಕಬೇಡಿ. ಈ ಗಿಡ ಕೊಳಚೆ ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನು ಹೀರಿ ತನ್ನೊಳಗೇ ಇಟ್ಟುಕೊಳ್ಳುತ್ತದೆ.