ಬೂಟು ಬಿಚ್ಚಿಟ್ಟ ಮೇಲೆ ಫುಟ್‌ಬಾಲ್ ಆಟಗಾರನಿಗೆ ಕೆಲಸ ಎಲ್ಲಿ?

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ತೋರಣಗಲ್ಲು ಸಿಗುತ್ತದೆ. ಉಕ್ಕಿನ ಕಾರ್ಖಾನೆಯ ಊರು. ಜೆಎಸ್‌ಡಬ್ಲ್ಯು ಕಂಪನಿ 2018ರಲ್ಲಿ ಇಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರ ತೆರೆಯಿತು. ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ ಕೂಡ ಅದೇ ಕಂಪನಿಯದು. ಹೀಗಾಗಿ ಹುಡುಗರು ಅಲ್ಲೇ ಉಳಿದು ಕಲಿಯುವ ಫುಟ್‌ಬಾಲ್ ಅಕಾಡೆಮಿಯೂ ಬಂತು. ಮಗ ಫುಟ್‌ಬಾಲ್ ಆಡುತ್ತೇನೆ ಅಂದರೆ ಮನೆಯಲ್ಲಿ ಕೇಳುವುದು ಒಂದೇ ಮಾತು: ಆಮೇಲೆ ಏನು ಮಾಡ್ತೀಯಾ? ನ್ಯಾಯವಾದ ಪ್ರಶ್ನೆ ಅಲ್ವಾ?

ಹಿಂದೆ ಇದಕ್ಕೆ ಸುಲಭದ ಉತ್ತರವಿತ್ತು. ಬೆಂಗಳೂರಿನಲ್ಲಿ ಟೆಲಿಫೋನ್ ಮಾಡುವ ಐಟಿಐ, ವಿಮಾನ ಮಾಡುವ ಎಚ್‌ಎಎಲ್‌ನಂಥ ಕಾರ್ಖಾನೆಗಳಿಗೆ ತಮ್ಮದೇ ತಂಡಗಳಿದ್ದವು. ಚೆನ್ನಾಗಿ ಆಡುವವನಿಗೆ ಕೆಲಸ ಸಿಗುತ್ತಿತ್ತು. ಕಾಲು ಸೋತರೂ ಕೆಲಸ ಹೋಗುತ್ತಿರಲಿಲ್ಲ. 1996ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು. ಅಲ್ಲಿಂದ ಮುಂದೆ ಕ್ಲಬ್ಬುಗಳ ಕಾಂಟ್ರಾಕ್ಟ್ ದೊಡ್ಡದಾಯಿತು. ದುಡ್ಡು ಜಾಸ್ತಿ, ಭರವಸೆ ಕಡಿಮೆ.

ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಈ ತಿರುವಿನಲ್ಲೇ ಆಡಿದವರು. ಕಲಿತದ್ದು ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ. ಅದೂ ಉಕ್ಕಿನ ಊರೇ. 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅದೇ ವರ್ಷ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್, ಅಂದರೆ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಭಾರತದ ಕ್ಲಬ್ಬೊಂದು ಇರಾಕಿನವರನ್ನು 6-2ರಿಂದ ಸೋಲಿಸುವುದು ಸಣ್ಣ ಮಾತಲ್ಲ. ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ತಂಡದಲ್ಲೂ ಅವರಿದ್ದರು. 2001ರಲ್ಲಿ ನಾಯಕನಾಗಿ ಈಸ್ಟ್ ಬೆಂಗಾಲ್‌ಗೆ ಅದೇ ಲೀಗ್ ಗೆದ್ದುಕೊಟ್ಟು ಆಟ ಬಿಟ್ಟರು. ಆಗ ವಯಸ್ಸು 30. ಆಮೇಲೆ ಬದುಕೆಲ್ಲ ಕೋಚಿಂಗ್. ಜಮ್‌ಶೆಡ್‌ಪುರ, ಶಿಲ್ಲಾಂಗ್, ಕೋಯಿಕ್ಕೋಡ್ ಎಂದು ಕೆಲಸ ಇದ್ದಲ್ಲಿಗೆ ಹೋದರು. 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ತೀರಿಕೊಂಡರು. 49 ವರ್ಷ ಸಾಯುವ ವಯಸ್ಸಲ್ಲ.

ಜೆಸಿಟಿಯಲ್ಲಿ ಅವರ ಜೊತೆ ಆಡಿದ ಐ.ಎಂ. ವಿಜಯನ್ ಕೇರಳ ಪೊಲೀಸ್ ತಂಡದಿಂದ ಬೆಳೆದವರು. ಕ್ಲಬ್ಬುಗಳಿಗೆ ಆಡಿ ಮತ್ತೆ ಅದೇ ಇಲಾಖೆಗೆ ಮರಳಿದರು. 2025ರಲ್ಲಿ ಡೆಪ್ಯುಟಿ ಕಮಾಂಡೆಂಟ್ ಆಗಿ ನಿವೃತ್ತರಾದರು. ಇಬ್ಬರೂ ದೊಡ್ಡ ಆಟಗಾರರೇ. ಒಬ್ಬರಿಗೆ ಮರಳಿ ಹೋಗಲು ಇಲಾಖೆಯೊಂದಿತ್ತು.

ಕ್ಲಬ್ಬನ್ನೇ ನಂಬಿ ಕೂರುವುದೂ ಕಷ್ಟ. ಮುಂಬೈನ ಮಹೀಂದ್ರಾ ಯುನೈಟೆಡ್ ಕ್ಲಬ್ 2010ರಲ್ಲಿ ಮುಚ್ಚಿತು, ಜೆಸಿಟಿ 2011ರಲ್ಲಿ. 2025ರಲ್ಲಿ ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಸುವ ಒಪ್ಪಂದ ಮುಂದುವರಿಯದೆ ಲೀಗ್ ನಿಂತಾಗ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಸಂಬಳ ತಡೆಹಿಡಿಯಿತು. ಅಷ್ಟು ದೊಡ್ಡ ಕ್ಲಬ್ಬಿನ ಕಥೆಯೇ ಹೀಗಾದರೆ ಸಣ್ಣವುಗಳ ಗತಿ ಏನು?

ಆದ್ದರಿಂದ ಮಗನನ್ನು ಸೆಲೆಕ್ಷನ್‌ಗೆ ಕರೆದುಕೊಂಡು ಹೋಗುವ ನಮ್ಮ ಭಾಗದ ಅಪ್ಪ ಅಮ್ಮಂದಿರು ಹಾಸ್ಟೆಲ್, ಊಟ ವಿಚಾರಿಸಿ ಸುಮ್ನೆ ಬರಬಾರದು. ಓದು ಎಲ್ಲಿವರೆಗೆ ನಡೆಯುತ್ತದೆ? ಮೊಣಕಾಲಿಗೆ ಪೆಟ್ಟಾದರೆ ಆಪರೇಷನ್ ಖರ್ಚು ಯಾರದು? ದೊಡ್ಡವನಾದ ಮೇಲೆ ಕೋಚಿಂಗ್ ಲೈಸೆನ್ಸ್ ಪರೀಕ್ಷೆಗೆ ಕೂರಿಸುತ್ತಾರಾ? ಇಷ್ಟನ್ನೂ ಸಹಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ.