ಕೋಳಿಗೂ ಮನಸ್ಸು ಅಂತ ಇರುತ್ತಾ?

ಪ್ರಶ್ನೆ: ಮನೇಲಿ ನಾಲ್ಕೈದು ನಾಟಿ ಕೋಳಿ ಇವೆ. ಮಗಳು ಒಂದೊಂದಕ್ಕೂ ಹೆಸರಿಟ್ಟು, ‘ಇದಕ್ಕೆ ಇವತ್ತು ಸಿಟ್ಟು, ಅದಕ್ಕೆ ಬೇಜಾರು’ ಅನ್ನುತ್ತಿರುತ್ತಾಳೆ. ಕೋಳಿಗೆ ನಿಜಕ್ಕೂ ಅಂಥದ್ದೆಲ್ಲ ಇರುತ್ತಾ, ಇಲ್ಲ ಬರೀ ಮಕ್ಕಳ ಕಲ್ಪನೆಯಾ?

ಉತ್ತರ: ಮಗಳ ಮಾತನ್ನು ತಳ್ಳಿಹಾಕಬೇಡಿ. ಒಂದು ಮಧ್ಯಾಹ್ನ ಅವಳ ಜೊತೆ ಹಿತ್ತಲಲ್ಲಿ ಕೂತು ಮರಿ ಮಾಡಿದ ಹೇಂಟೆಯನ್ನು ನೋಡಿ. ಮೇಲೆ ಹದ್ದು ಸುಳಿದರೆ ಅದು ಸಣ್ಣಗೆ, ಉದ್ದಕ್ಕೆ ದನಿ ಎಳೆಯುತ್ತದೆ. ಮರಿಗಳು ಪೊದೆಯ ಬುಡಕ್ಕೆ ನುಗ್ಗಿ ಮಿಸುಕದೆ ಕೂರುತ್ತವೆ. ಬೆಕ್ಕೋ ನಾಯಿಯೋ ಬಂದರೆ ಕತ್ತೆತ್ತಿ ಕೇರಿಗೆಲ್ಲ ಕೇಳುವ ಹಾಗೆ ‘ಕೊಕ್ ಕೊಕ್ ಕೊಕ್ಕೋಕ್’. ವಿಜ್ಞಾನಿಗಳು ಈ ಎರಡೂ ಕೂಗನ್ನು ಧ್ವನಿಮುದ್ರಿಸಿ, ಹದ್ದೂ ಇಲ್ಲದ ನಾಯಿಯೂ ಇಲ್ಲದ ಕಡೆ ಕೇಳಿಸಿ ನೋಡಿದ್ದಾರೆ. ಆಗಲೂ ಕೋಳಿಗಳು ಒಂದಕ್ಕೆ ಅಡಗಿದವು, ಇನ್ನೊಂದಕ್ಕೆ ಕತ್ತೆತ್ತಿ ಸುತ್ತ ನೋಡಿದವು. ಹುಂಜವಂತೂ ಹತ್ತಿರದಲ್ಲಿ ಹೇಂಟೆ ಇದ್ದರೇ ಹದ್ದಿನ ಎಚ್ಚರಿಕೆ ಹೆಚ್ಚು ಕೊಡುವುದು. ಒಂಟಿಯಾಗಿದ್ದರೆ ಬಹಳ ಸಲ ಸುಮ್ಮನಿರುತ್ತದೆ!

ಯಾವುದು ಯಾವುದನ್ನು ಕುಕ್ಕಬಹುದು ಎಂಬ ಲೆಕ್ಕ ಕೋಳಿಗಳಲ್ಲಿ ಪಕ್ಕಾ ಇದೆ. 1920ರ ದಶಕದಲ್ಲಿ ಇದನ್ನು ಬರೆದಿಟ್ಟ ನಾರ್ವೆಯ ಪ್ರಾಣಿವಿಜ್ಞಾನಿ ಷೆಲ್ಡೆರುಪ್-ಎಬ್ಬೆ ನಿಮ್ಮ ಮಗಳ ಹಾಗೇ ಚಿಕ್ಕಂದಿನಲ್ಲಿ ಕೋಳಿಗಳ ಹಿಂದೆ ಬಿದ್ದವರು. ಒಂದನ್ನೊಂದು ಗುರುತಿಡದೆ ಆ ಲೆಕ್ಕ ನಡೆಯುವುದಿಲ್ಲ.

ಇನ್ನು ಸಂಕಟದ ಮಾತು. 2011ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತಾಯಿಕೋಳಿಯ ಎದುರಲ್ಲೇ ಮರಿಗಳ ಮೇಲೆ ಗಾಳಿ ಊದಿದರು. ಊದಿದ್ದು ಮರಿಗೆ, ಎದೆಬಡಿತ ಏರಿದ್ದು ತಾಯಿಗೆ, ಮರಿಗಳನ್ನು ಕರೆಯುವ ಗುಟುರು ಕೂಡ ಹೆಚ್ಚಾಯಿತು. ಅದು ನಮ್ಮ ಸಂಕಟದಂಥದ್ದೇ ಅಂತ ನಾನು ಹೇಳಲಾರೆ. ಏನೂ ಇಲ್ಲ ಅಂತಲೂ ಹೇಳಲಾರೆ.

ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಕೇಳುತ್ತಿರುವುದು ಅದಕ್ಕೂ ಮುಂಚಿನ ದಿನಗಳ ಬಗ್ಗೆ. ಮೊಟ್ಟೆ ಇಡುವ ಮೊದಲು ನಿಮ್ಮ ಹೇಂಟೆ ಬುಟ್ಟಿ, ಹುಲ್ಲಿನ ಮೂಲೆ, ಮಂಚದಡಿ ಎಲ್ಲ ಹುಡುಕುತ್ತ ಗೊಣಗಾಡುವುದನ್ನು ನೋಡಿರುತ್ತೀರಿ. ಫಾರ್ಮಿನಲ್ಲಿ ಮೊಟ್ಟೆಗೆಂದೇ ಕೇಜಿನಲ್ಲಿ ಸಾಕುವ ಲೇಯರ್ ಕೋಳಿಗೂ ದಿನಾ ಅದೇ ಚಡಪಡಿಕೆ, ಆದರೆ ಹೋಗುವುದೆಲ್ಲಿಗೆ? ಕಾಲಡಿ ತಂತಿ, ಪಾಲಿಗೆ ಬರುವ ಜಾಗ ಸಾಮಾನ್ಯವಾಗಿ ಒಂದು ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚುವಂತಿಲ್ಲ, ಮಣ್ಣಲ್ಲಿ ಹೊರಳುವಂತಿಲ್ಲ. ಯುರೋಪಿಯನ್ ಒಕ್ಕೂಟ ಇಂಥ ಬರಿ ಕೇಜುಗಳನ್ನು 2012ರಿಂದ ನಿಷೇಧಿಸಿದೆ. ಓಡಾಡಲು ಜಾಗವಿಲ್ಲದ ಗೂಡಿನಲ್ಲಿ ಪ್ರಾಣಿ ಇಡುವುದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪೇ, ಪುಸ್ತಕದಲ್ಲಿ ಮಾತ್ರ.

ಸಂತೆಯಿಂದ ತರುವಾಗ ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕುವುದನ್ನಾದರೂ ಬಿಡಿ. ಎದೆಗೂ ಹೊಟ್ಟೆಗೂ ನಡುವೆ ನಮಗಿರುವಂಥ ವಪೆ (ಅಡ್ಡಪರದೆ) ಕೋಳಿಗಿಲ್ಲ. ತಲೆಕೆಳಗಾದರೆ ಕರುಳೆಲ್ಲ ಗಾಳಿಚೀಲಗಳ ಮೇಲೆ ಒರಗಿ ಉಸಿರಾಡುವುದೇ ಕಷ್ಟ. ಸುಮ್ಮನಾಯಿತು ಅಂದುಕೊಳ್ಳುತ್ತೇವಲ್ಲ, ಅದು ಭಯಕ್ಕೆ ಮರಗಟ್ಟಿರುವುದು. ಎರಡು ಕೈಯಲ್ಲಿ ರೆಕ್ಕೆ ಅವುಚಿ, ಎದೆಯಡಿ ಆಸರೆ ಕೊಟ್ಟು ಎತ್ತಿಕೊಳ್ಳಬೇಕು. ಹೇಗೆ ಅಂತ ಮಗಳನ್ನೇ ಕೇಳಿ, ಅವಳಿಗೆ ಗೊತ್ತಿರುತ್ತದೆ.