ಮೂವತ್ತೆರಡು ಅಕ್ಷರ, ಅರವತ್ತು ಸಾಧ್ಯತೆ

ಸರ್ವರ್ ನೋಡಿಕೊಳ್ಳುವವರ ಅರ್ಧ ಆಯುಷ್ಯ ಬೇರೆಯವರು ಬರೆದಿಟ್ಟುಹೋದ ಸ್ಕ್ರಿಪ್ಟುಗಳನ್ನು ಓದುವುದರಲ್ಲೇ ಕಳೆಯುತ್ತದೆ. ಹಿಂದೆ ಕೆಲಸಕ್ಕಿದ್ದ ಕಂಪನಿಯೊಂದರಲ್ಲಿ ಡೇಟಾಬೇಸ್ ಖಾತೆಗಳ ಪಾಸ್‌ವರ್ಡ್‌ಗಳನ್ನು ಪರಿಶೀಲಿಸುತ್ತಿದ್ದೆ. ಒಂದೊಂದೂ 32 ಅಕ್ಷರ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಎಲ್ಲ ಕಲೆತುಕೊಂಡು ಬಲು ಗಟ್ಟಿಯಾಗಿಯೇ ಕಾಣುತ್ತಿದ್ದವು. ಆದರೆ ಪಟ್ಟಿಯ ಎಡ ಅಂಚಿನಲ್ಲಿ ಏನೋ ಕಣ್ಣಿಗೆ ಚುಚ್ಚಿತು. ಮೊದಲ ಅಕ್ಷರ ಯಾವಾಗಲೂ ಎಂ, ಎನ್, ಓ, ವೈ, ಝಡ್, ಈ ಐದರಲ್ಲೊಂದು. ಐದನೆಯ ಅಕ್ಷರ ನೋಡಿದೆ, ಅದೂ ಹಾಗೆಯೇ. ಒಂಬತ್ತನೆಯದೂ ಹಾಗೆಯೇ.

ಅವನ್ನು ಹುಟ್ಟಿಸಿದ ಸ್ಕ್ರಿಪ್ಟ್ ತೆರೆದರೆ, ಎಷ್ಟೋ ವರ್ಷಗಳಿಂದ ಕೈಯಿಂದ ಕೈಗೆ ದಾಟುತ್ತಿರುವ ಅದೇ ಹಳೆಯ ಸಾಲು. ಡೇಟ್ ಕಮಾಂಡಿನಿಂದ ಈ ಕ್ಷಣದ ಸೆಕೆಂಡ್ ಎಣಿಕೆ (1970ರಿಂದ ಲೆಕ್ಕ) ತೆಗೆದುಕೊ, ಅದನ್ನು ಎಸ್‌ಎಚ್‌ಎ256 ಹ್ಯಾಶ್‌ಗೆ, ಅಂದರೆ ಕೊಟ್ಟದ್ದನ್ನು ನಿಗದಿತ ಉದ್ದದ ಗುರುತಾಗಿ ಕಲಸಿಕೊಡುವ ಕಮಾಂಡಿಗೆ, ಪೈಪ್ ಮಾಡು (ಹರಿಸು), ಬಂದದ್ದನ್ನು ಬೈಟುಗಳನ್ನು 64 ಗುರುತುಗಳಲ್ಲಿ ಬರೆಯುವ ಬೇಸ್64ಕ್ಕೆ ಕೊಡು, ಮೊದಲ 32 ಅಕ್ಷರ ಕತ್ತರಿಸಿಕೊ. (ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಓದಿ ಹೇಳಿದ ಹಾಗೆ ಹೇಳುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ.)

ಐದೇ ಅಕ್ಷರ ಏಕೆ ಎಂಬುದು ಮೋಜಿನ ಲೆಕ್ಕ. ಹ್ಯಾಶ್ ಕಮಾಂಡ್ ತನ್ನ ಉತ್ತರವನ್ನು ಹೆಕ್ಸ್ ಪಠ್ಯವಾಗಿ ಬರೆಯುತ್ತದೆ. ಅದರಲ್ಲಿ ಸೊನ್ನೆಯಿಂದ ಒಂಬತ್ತು, ಎ ಯಿಂದ ಎಫ್, ಹೀಗೆ ಹದಿನಾರೇ ಗುರುತು. ಬೇಸ್64 ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಹಂಚುತ್ತದೆ. ಆ ನಾಲ್ಕರಲ್ಲಿ ಮೊದಲನೆಯದು ಮೊದಲ ಬೈಟಿನ ಮೇಲಿನ ಆರು ಬಿಟ್‌ನಿಂದ ಬರುತ್ತದೆ. ಹೆಕ್ಸ್‌ನ ಹದಿನಾರು ಗುರುತುಗಳಿಗೂ ಸೇರಿ ಮೇಲಿನ ಆರು ಬಿಟ್‌ಗಳ ಜೋಡಣೆ ಇರುವುದು ಐದೇ ಬಗೆ. ಅವೇ ಈ ಐದು ಅಕ್ಷರಗಳಾಗಿ, ನಾಲ್ಕಕ್ಕೊಮ್ಮೆ ತಪ್ಪದೆ ಇಣುಕುತ್ತಿದ್ದವು.

ಹಾಗಾಗಿ, ನೋಡುವವರಿಗೆ 192 ಬಿಟ್‌ನಂತೆ (ಒಂದೊಂದು ಬಿಟ್ ಹೆಚ್ಚಿದಾಗಲೂ ಸಾಧ್ಯತೆ ಇಮ್ಮಡಿ) ಕಾಣುವ ಈ 32 ಅಕ್ಷರದಲ್ಲಿ ಹಿಡಿದಿರುವುದು 24 ಹೆಕ್ಸ್ ಗುರುತು, ಅಂದರೆ ಹೆಚ್ಚೆಂದರೆ 96 ಬಿಟ್. ಅಷ್ಟಿದ್ದರೂ ಸಾಕಿತ್ತು. ಆದರೆ ಬೇರಿನಲ್ಲಿರುವುದು ಗಡಿಯಾರ. ಒಂದು ವರ್ಷಕ್ಕೆ 3,15,36,000 ಸೆಕೆಂಡ್, ಅದು 25 ಬಿಟ್‌ನಷ್ಟೂ ಆಗುವುದಿಲ್ಲ. ‘ಹೋದ ವರ್ಷ ಯಾವಾಗಲೋ ಮಾಡಿದ್ದು’ ಎಂದು ಗೊತ್ತಿದ್ದರೆ ಸಾಕು, ಆ ವರ್ಷದ ಅಷ್ಟೂ ಸೆಕೆಂಡುಗಳ ಹ್ಯಾಶ್ ಲೆಕ್ಕ ಸಾಧಾರಣ ಲ್ಯಾಪ್‌ಟಾಪಿಗೆ ಒಂದು ನಿಮಿಷದ ಕೆಲಸವೂ ಅಲ್ಲ.

ನನ್ನ ಜೊತೆ ಕೂತಿದ್ದ ಹುಡುಗನಿಗೆ ನಂಬಿಕೆ ಬರಲಿಲ್ಲ. “ಎಸ್‌ಎಚ್‌ಎ256 ಅಲ್ವಾ ಸರ್? ಅದನ್ನ ಇನ್ನೂ ಯಾರೂ ಒಡೆದಿಲ್ವಲ್ಲ” ಎಂದ. “ಒಡೆಯೋದು ಯಾಕಪ್ಪಾ, ನಾವೂ ಅದೇ ಹ್ಯಾಶ್ ಮಾಡೋಣ” ಎಂದೆ. ಖಾತೆ ಯಾವ ನಿಮಿಷದಲ್ಲಿ ಸೃಷ್ಟಿಯಾಯಿತು ಎಂಬುದು ಲಾಗ್‌ನಲ್ಲೇ ಇತ್ತು. ಆ ನಿಮಿಷದ ಅರವತ್ತು ಸೆಕೆಂಡಿಗೆ ಒಂದು ಲೂಪ್ ಬರೆಸಿದೆ. ನಲವತ್ತೊಂದನೆಯ ಸಾಲಿನಲ್ಲಿ ಪಾಸ್‌ವರ್ಡ್ ಅಕ್ಷರಕ್ಕೆ ಅಕ್ಷರ ಕೂತುಕೊಂಡು ಬಂತು. ಹುಡುಗ ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡುತ್ತಿದ್ದು, ಆಮೇಲೆ ತನ್ನದೇ ಲ್ಯಾಪ್‌ಟಾಪಿನ ಯಾವುದೋ ಸ್ಕ್ರಿಪ್ಟ್ ತೆರೆಯಲು ಹೋದ.

ಹ್ಯಾಶ್ ಎನ್ನುವುದು ಕಲಸುವ ಯಂತ್ರ. ಅರವತ್ತು ಬಗೆ ಒಳಗೆ ಹೋದರೆ ಹೊರಗೂ ಅರವತ್ತೇ ಬಗೆ, ಎಷ್ಟೇ ಚೆನ್ನಾಗಿ ಕಲಸಿದರೂ. ಪಾಸ್‌ವರ್ಡ್ ಗಟ್ಟಿಯೋ ಇಲ್ಲವೋ ಎಂಬುದನ್ನು ಅದರ ಮುಖ ನೋಡಿ ಹೇಳಲು ಬರುವುದಿಲ್ಲ. ಅದು ಹುಟ್ಟಿದ ಜಾಗದಲ್ಲಿ ಇನ್ನೆಷ್ಟು ಹುಟ್ಟಬಹುದಿತ್ತು ಎಂದು ಕೇಳಬೇಕು.

ಕಮಾಂಡುಗಳನ್ನು ಓದಿ ನಡೆಸುವ ಬ್ಯಾಷ್ ಎಂಬ ಶೆಲ್‌ನಲ್ಲಿ ಡಾಲರ್ ಚಿಹ್ನೆ ಹಾಕಿ ರ‍್ಯಾಂಡಮ್ ಎಂದು ದೊಡ್ಡಕ್ಷರದಲ್ಲಿ ಬರೆದರೆ ಸಿಗುವ ಸಂಖ್ಯೆಯೂ ಇದೇ ಜಾತಿ. ಸೊನ್ನೆಯಿಂದ 32,767ರವರೆಗೆ, ಒಟ್ಟು 32,768 ಸಾಧ್ಯತೆ, 15 ಬಿಟ್. ಆಟಕ್ಕೆ ಸರಿ, ಬೀಗಕ್ಕಲ್ಲ. ಇದೇ 32,768 ಇನ್ನೊಂದು ಕಡೆ ದೊಡ್ಡ ಅನಾಹುತವನ್ನೇ ಮಾಡಿತ್ತು. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಗೆಯವರು ತಮ್ಮ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯ ತಂತ್ರಾಂಶ) ಪ್ಯಾಕೇಜಿನಲ್ಲಿ, ದೋಷ ಹುಡುಕುವ ಸಾಧನವೊಂದು ತಕರಾರು ತೆಗೆಯುತ್ತಿದೆಯೆಂದು ಕೋಡಿನ ಸಾಲುಗಳನ್ನು ತೆಗೆದುಹಾಕಿದರು. ಹಾಗೆ ಹೋದದ್ದರಲ್ಲಿ ಯಾದೃಚ್ಛಿಕತೆಯನ್ನು ಬೆರೆಸುವ ಸಾಲೂ ಇತ್ತು. ಉಳಿದ ವ್ಯತ್ಯಾಸವೆಂದರೆ ಓಡುವ ಪ್ರತಿ ಪ್ರೋಗ್ರಾಮಿಗೂ ಸಿಗುವ ಪ್ರೋಸೆಸ್ ಸಂಖ್ಯೆಯೊಂದೇ, ಅದು ಗರಿಷ್ಠ 32,768. ಡೆಬಿಯನ್ ಡೆವಲಪರ್ ಲೂಚಿಯಾನೊ ಬೆಲ್ಲೊ ಇದನ್ನು ಪತ್ತೆಹಚ್ಚಿ 2008ರ ಮೇನಲ್ಲಿ ಪ್ರಕಟವಾಗುವ ತನಕ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಹುಟ್ಟಿದ, ದೂರದ ಸರ್ವರ್ ಒಳಹೊಗಲು ಬಳಸುವ ಎಸ್‌ಎಸ್‌ಎಚ್ ಕೀಗಳೆಲ್ಲ ಮುಂಚೆಯೇ ಪಟ್ಟಿ ಮಾಡಿಡಬಹುದಾದಂಥವು. ನೋಡಲು ಮಾತ್ರ ಒಂದೊಂದೂ ಅಪ್ಪಟ ಕೀಯೇ.

ಹಾಗಾದರೆ ಎಲ್ಲಿಂದ ತರಬೇಕು? ಕರ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳಿನಿಂದ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ಡೆವ್ ಡೈರೆಕ್ಟರಿಯ ಒಳಗೆ ಯುರ‍್ಯಾಂಡಮ್ ಎಂಬ ಫೈಲ್ ಇದೆ. ಅದರಿಂದ ಓದಿದಷ್ಟೂ ಊಹೆಗೆ ನಿಲುಕದ ಬೈಟುಗಳು. ಅದರ ಪಕ್ಕದಲ್ಲೇ ಇರುವ ‘ರ‍್ಯಾಂಡಮ್’ ಇನ್ನೂ ಶುದ್ಧ, ಅದನ್ನೇ ಬಳಸಬೇಕು ಎಂದು ಹಳಬರು ಈಗಲೂ ವಾದಿಸುತ್ತಾರೆ. ಹಿಂದೆ ಅದು ‘ಎಂಟ್ರೊಪಿ (ಊಹೆಗೆ ನಿಲುಕದ ಅಂಶ) ಸಾಲದು’ ಎಂದು ಕಮಾಂಡನ್ನು ನಿಮಿಷಗಟ್ಟಲೆ ಕಾಯಿಸುತ್ತಿತ್ತು. 2020ರ ಲಿನಕ್ಸ್ 5.6ರಿಂದ ಅದೂ, ಬೂಟ್ ಆದಾಗ ಒಮ್ಮೆ ತಯಾರಾದ ಮೇಲೆ, ಯಾರನ್ನೂ ಕಾಯಿಸುವುದಿಲ್ಲ. ಆ ಜಗಳ ಅಲ್ಲಿಗೆ ಮುಗಿಯಿತೆಂದೇ ನನ್ನ ಲೆಕ್ಕ.

ನನ್ನ ದಿನನಿತ್ಯದ ಕಮಾಂಡ್ ಇಷ್ಟೇ: ಓಪನ್‌ಎಸ್‌ಎಸ್‌ಎಲ್, ರ‍್ಯಾಂಡ್, ಹೈಫನ್ ಬೇಸ್64, 24. ಕೊನೆಯ ಸಂಖ್ಯೆ ಬೈಟ್ ಲೆಕ್ಕ, ಅಕ್ಷರದ್ದಲ್ಲ. 24 ಬೈಟಿಗೆ 32 ಅಕ್ಷರ ಬರುತ್ತದೆ, 192 ಬಿಟ್. ಮೂರರಿಂದ ಭಾಗವಾಗುವ ಸಂಖ್ಯೆ ಕೊಟ್ಟರೆ ಬಾಲದಲ್ಲಿ ಸಮಚಿಹ್ನೆ ಅಂಟಿಕೊಳ್ಳುವುದಿಲ್ಲ. ಬೇಸ್64ರ ಬದಲು ಹೆಕ್ಸ್ ಎಂದು ಕೊಟ್ಟು 16 ಬರೆದರೂ 32 ಅಕ್ಷರವೇ, ಆದರೆ 128 ಬಿಟ್. ಅದೂ ಧಾರಾಳವಾಗಿ ಸಾಕು.

ಬೇಸ್64ರಲ್ಲಿ ಕೂಡಿಕೆ ಚಿಹ್ನೆ, ಓರೆಗೆರೆ ಬರುತ್ತವೆ. ಬರೀ ಅಕ್ಷರ, ಅಂಕಿ ಬೇಕಿದ್ದರೆ ಟಿಆರ್ ಕಮಾಂಡ್ ಇದೆ. ಅದಕ್ಕೆ ಹೈಫನ್ ಡಿಸಿ ಎಂದು ಕೊಟ್ಟು ಬೇಕಾದ 62 ಅಕ್ಷರ ತೋರಿಸಿದರೆ, ‘ಇವನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸು’ ಎಂದರ್ಥ. ಯುರ‍್ಯಾಂಡಮನ್ನು ಅದರೊಳಗೆ ಹರಿಸಿ, ಹೆಡ್ ಕಮಾಂಡಿನಿಂದ ಮೊದಲ 20 ಅಕ್ಷರ ಹಿಡಿಯಿರಿ, 119 ಬಿಟ್ ಸಿಕ್ಕಿತು. ಬಂದ ಬೈಟುಗಳಲ್ಲಿ ಮುಕ್ಕಾಲು ಪಾಲು ದಂಡವಾಗುತ್ತದೆ, ಆಗಲಿ. ಆ ದಂಡವನ್ನು ಉಳಿಸಲು ಹೋಗಿ ಕೆಲವರು ಬೈಟನ್ನು 62ರಿಂದ ಭಾಗಿಸಿ ಶೇಷ ಹಿಡಿಯುತ್ತಾರೆ. 256ರಲ್ಲಿ 62 ನಾಲ್ಕು ಸಲ ಹೋಗಿ 8 ಉಳಿಯುತ್ತದೆ. ಆ ಮೊದಲ ಎಂಟು ಅಕ್ಷರಗಳಿಗೆ ಐದು ಚೀಟಿ, ಉಳಿದವಕ್ಕೆ ನಾಲ್ಕೇ ಚೀಟಿ ಸಿಕ್ಕಿದ ಹಾಗಾಯಿತು. ಎಸೆಯುವುದೇ ಸರಿಯಾದ ದಾರಿ.

ಟಿಆರ್‌ನಲ್ಲಿ ಜಾರುವ ಜಾಗಗಳೂ ಇವೆ. ದೊಡ್ಡ ಎ ಯಿಂದ ಸಣ್ಣ ಝಡ್ ತನಕ ಎಂದು ಒಂದೇ ವ್ಯಾಪ್ತಿ ಕೊಟ್ಟರೆ ನಡುವೆ ಇರುವ ಚೌಕ ಆವರಣ, ಅಂಡರ್‌ಸ್ಕೋರ್ ಮುಂತಾದ ಆರು ಚಿಹ್ನೆಗಳೂ ನುಸುಳುತ್ತವೆ. ಚಿಹ್ನೆಗಳ ಮಧ್ಯೆ ಹೈಫನ್ ಇಟ್ಟರೆ ಅದು ಹೈಫನ್ ಆಗಿ ಉಳಿಯದೆ ‘ಇಲ್ಲಿಂದ ಅಲ್ಲಿಗೆ’ ಎಂದಾಗುತ್ತದೆ, ಹಾಗಾಗಿ ಅದನ್ನು ಕೊನೆಯಲ್ಲಿಡಿ. ಮ್ಯಾಕ್‌ನಲ್ಲಿ ಬೈಟ್ ಸರಣಿ ಸರಿಯಿಲ್ಲ ಎಂದು ಗೊಣಗಿದರೆ ಮುಂದೆ ಎಲ್‌ಸಿ ಅಂಡರ್‌ಸ್ಕೋರ್ ಆಲ್ ಸಮ ಸಿ ಎಂದು ಸೇರಿಸಿ. ಇನ್ನೊಂದು ನನ್ನ ಒಂದಿಡೀ ಸಂಜೆ ತಿಂದದ್ದು: ಹೆಡ್ ತನ್ನ 20 ಅಕ್ಷರ ಹಿಡಿದು ಬಾಗಿಲು ಹಾಕಿಕೊಂಡೊಡನೆ ಟಿಆರ್ ಪೈಪ್ ಮುರಿದು ಸಾಯುತ್ತದೆ. ಟರ್ಮಿನಲ್‌ನಲ್ಲಿ ಅದು ಕಾಣುವುದೇ ಇಲ್ಲ. ಸ್ಕ್ರಿಪ್ಟಿನಲ್ಲಿ ಪೈಪ್‌ಫೇಲ್ (ಪೈಪಿನ ಯಾವ ಕಮಾಂಡ್ ಸೋತರೂ ಇಡೀ ಸಾಲು ಸೋತಂತೆ ಎಂಬ ಆಯ್ಕೆ) ಹಾಕಿಕೊಂಡು, ತಪ್ಪಾದರೆ ನಿಲ್ಲು ಎಂದೂ ಹೇಳಿದ್ದರೆ, ಪಾಸ್‌ವರ್ಡ್ ಸರಿಯಾಗಿಯೇ ಹುಟ್ಟಿ ಸ್ಕ್ರಿಪ್ಟ್ 141 ಎಂಬ ಸಂಕೇತ ಕೊಟ್ಟು ನಿಲ್ಲುತ್ತದೆ. ಮೊದಲೇ ಹೆಡ್‌ನಿಂದ 400 ಬೈಟ್ ಅಳೆದುಕೊಂಡು ಆಮೇಲೆ ಟಿಆರ್‌ಗೆ ಕೊಟ್ಟರೆ ಈ ರಗಳೆ ಇಲ್ಲ.

ವಿಶೇಷ ಚಿಹ್ನೆ ಬೇಡವೇ ಎಂದು ಕೇಳುತ್ತಾರೆ. ಕೀಬೋರ್ಡಿನ 94 ಗುರುತುಗಳನ್ನೂ ಬಳಸಿದ 16 ಅಕ್ಷರಕ್ಕೆ ಸುಮಾರು 105 ಬಿಟ್. ಬರೀ ಅಕ್ಷರ, ಅಂಕಿಯ 18ಕ್ಕೆ 107. ಎರಡೇ ಅಕ್ಷರ ಉದ್ದ ಮಾಡಿದರೆ ಚಿಹ್ನೆಗಳ ಸಹವಾಸವೇ ಬೇಡ. ಆ ಸಹವಾಸ ಏನೇನು ಮಾಡುತ್ತದೆ ಎಂದು ರಾತ್ರಿ ಎರಡಕ್ಕೆ ಎದ್ದವರಿಗೆ ಗೊತ್ತು: ಡೇಟಾಬೇಸ್ ವಿಳಾಸದಲ್ಲಿ ಅಟ್ ಚಿಹ್ನೆ ಬಂದು ಪಾಸ್‌ವರ್ಡಿನ ಬಾಲವೇ ಸರ್ವರ್ ಹೆಸರಾಗುತ್ತದೆ, ಜೋಡಿ ಉದ್ಧರಣದೊಳಗಿನ ಡಾಲರನ್ನು ಶೆಲ್ ನುಂಗುತ್ತದೆ, ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆ ಹೊಸ ಸಾಲಾಗುತ್ತದೆ. ಚಿಹ್ನೆ ಇದ್ದೇ ತೀರಬೇಕೆಂಬ ನಿಯಮಗಳ ಬಗ್ಗೆ ನನಗೆ ಗೌರವವಿಲ್ಲ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯೇ 2017ರ ಮಾರ್ಗಸೂಚಿಯಲ್ಲಿ ಅಂಥ ನಿಯಮ ಹೇರಬೇಡಿ ಎಂದಿತು. ಫಾರ್ಮ್ ಹಟ ಹಿಡಿದರೆ ಕೊನೆಗೊಂದು ಅಂಡರ್‌ಸ್ಕೋರ್ ಅಂಟಿಸಿ ಮುಂದೆ ಹೋಗಿ.

ಕೈಯಲ್ಲೇ ಟೈಪ್ ಮಾಡಬೇಕಾದ ಪಾಸ್‌ವರ್ಡ್‌ಗಳ ಮಾತು ಬೇರೆ. ಡಿಸ್ಕ್ ತೆರೆಯುವುದು, ಪಾಸ್‌ವರ್ಡ್ ಮ್ಯಾನೇಜರ್ ತೆರೆಯುವುದು, ಇವಕ್ಕೆ ಪದಗಳೇ ಲೇಸು. ಅರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಕೊಟ್ಟ ಡೈಸ್‌ವೇರ್ ವಿಧಾನದಲ್ಲಿ ದಾಳವನ್ನು ಐದು ಸಲ ಉರುಳಿಸಿ 7,776 ಪದಗಳ ಪಟ್ಟಿಯಿಂದ ಒಂದನ್ನು ಆರಿಸುತ್ತಾರೆ. ಪದಕ್ಕೆ ಹತ್ತಿರಹತ್ತಿರ 13 ಬಿಟ್, ಆರು ಪದಕ್ಕೆ 77. ದಾಳದ ಬದಲು ಶಫ್ ಕಮಾಂಡಿಗೆ ಪದಪಟ್ಟಿ ಕೊಟ್ಟು ಆರು ಕೇಳಿ, ರ‍್ಯಾಂಡಮ್ ಸೋರ್ಸ್ ಆಯ್ಕೆಯಲ್ಲಿ ಯುರ‍್ಯಾಂಡಮನ್ನು ತೋರಿಸಿ. ಬಂದ ಆರು ಪದ ಚೆನ್ನಾಗಿಲ್ಲವೆಂದು ಮತ್ತೆ ಮತ್ತೆ ಓಡಿಸಿ ಇಷ್ಟವಾದದ್ದನ್ನು ಹೆಕ್ಕಬೇಡಿ. ಹಾಗೆ ಮಾಡಿದರೆ ಆಯ್ಕೆ ಯಂತ್ರದ್ದಲ್ಲ, ನಿಮ್ಮದು.

ಪಾಸ್‌ವರ್ಡ್ ಹುಟ್ಟಿಸುವ ಪಿಡಬ್ಲ್ಯುಜೆನ್ ಕಮಾಂಡ್ ಬಳಸುವವರು ಸಣ್ಣ ಎಸ್ ಆಯ್ಕೆ ಮರೆಯಬೇಡಿ, ಅದಿಲ್ಲದಿದ್ದರೆ ಅದು ಉಚ್ಚರಿಸಲು ಬರುವಂಥ ಮೆತ್ತನೆಯ ಪಾಸ್‌ವರ್ಡ್ ಕೊಡುತ್ತದೆ. ಪೈಥಾನ್‌ನಲ್ಲಿ ರ‍್ಯಾಂಡಮ್ ಮಾಡ್ಯೂಲ್ ಅಲ್ಲ, ಸೀಕ್ರೆಟ್ಸ್ ಮಾಡ್ಯೂಲ್. ಪವರ್‌ಶೆಲ್ 7.4ರಿಂದ ಗೆಟ್ ಹೈಫನ್ ಸೆಕ್ಯೂರ್‌ರ‍್ಯಾಂಡಮ್ ಇದೆ.

ಹುಟ್ಟಿದ ಮೇಲೆ ಅದು ಎಲ್ಲೆಲ್ಲಿ ಬಿದ್ದಿರುತ್ತದೆ ಎಂಬುದನ್ನೂ ನೋಡಬೇಕು. ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲೇ ಬರೆದರೆ ಶೆಲ್ ಹಿಸ್ಟರಿಗೆ ಹೋಗುತ್ತದೆ, ಕಮಾಂಡ್ ಓಡುತ್ತಿರುವಷ್ಟು ಹೊತ್ತು ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್ ಪಟ್ಟಿಯಲ್ಲಿ ಆ ಯಂತ್ರದ ಬೇರೆ ಬಳಕೆದಾರರಿಗೂ ಕಾಣಬಹುದು. ಸ್ಕ್ರೀನಿಗೆ ಬರಿಸದೆ ನೇರವಾಗಿ ಕ್ಲಿಪ್‌ಬೋರ್ಡಿಗೋ, ಉಮಾಸ್ಕ್ 077 ಹಾಕಿ (ನಿಮ್ಮೊಬ್ಬರಿಗೇ ತೆರೆಯುವಂತೆ) ಸೃಷ್ಟಿಸಿದ ಫೈಲಿಗೋ ಕಳಿಸಿ. ಕೊನೆಯ ಹೊಸಸಾಲಿನ ಬಗ್ಗೆಯೂ ಎಚ್ಚರ: ಎಕೋ ಕಮಾಂಡ್ ಅಂಟಿಸುವ ಆ ಕಾಣದ ಒಂದು ಬೈಟಿನಿಂದಾಗಿ ‘ಪಾಸ್‌ವರ್ಡ್ ಸರಿಯಾಗೇ ಇದೆ, ಆದರೂ ಒಳಗೆ ಬಿಡ್ತಿಲ್ಲ’ ಎಂಬ ದೂರು ನನ್ನ ಮೇಜಿಗೆ ಎಷ್ಟು ಸಲ ಬಂದಿದೆಯೋ.

ಆ ಕಂಪನಿಯ ಸ್ಕ್ರಿಪ್ಟಿನ ಸಾಲು ಬದಲಾಯಿಸಲು ಎರಡು ನಿಮಿಷ ಹಿಡಿಯಿತು. ಅದು ಅಷ್ಟು ವರ್ಷ ಹುಟ್ಟಿಸಿದ ಪಾಸ್‌ವರ್ಡ್‌ಗಳು ಎಲ್ಲೆಲ್ಲಿ ಹರಡಿವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಗ ನೆರವಿಗೆ ಬಂದದ್ದು ಅದೇ ಐದು ಅಕ್ಷರ. 32 ಅಕ್ಷರದ ಸಾಲು, ನಾಲ್ಕಕ್ಕೊಂದರಂತೆ ಎಂಟು ಜಾಗದಲ್ಲೂ ಎಂ, ಎನ್, ಓ, ವೈ, ಝಡ್‌ಗಳಲ್ಲೊಂದು. ಅಪ್ಪಟ ಯಾದೃಚ್ಛಿಕ ಬೇಸ್64 ಸಾಲೊಂದು ಆಕಸ್ಮಿಕವಾಗಿ ಹೀಗಿರುವ ಸಂಭವ 72 ಕೋಟಿಗೆ ಒಂದು. ಪಠ್ಯ ಹುಡುಕುವ ಗ್ರೆಪ್‌ಗೆ ಆ ಮಾದರಿ ಕೊಟ್ಟು ಎಲ್ಲ ಕಾನ್ಫಿಗ್ ಫೈಲುಗಳ ಮೇಲೆ ಹುಡುಗನೇ ಓಡಿಸಿದ. ಬದಲಾಯಿಸಿ ಮುಗಿಸಲು ಹನ್ನೊಂದು ದಿನ ಬೇಕಾಯಿತು.